ಎಯ್ರಿಯ ಗೋಲ್‌ಕೀಪರ್

ಎಯ್ರಿ
ಆಗಸ್ಟ್ 3, 1992

ಅಮ್ಮಾ,

ನಿನ್ನೆ ಪಟ್ಟಣದಲ್ಲಿ ಕಪ್ ಫೈನಲ್ ಆಡಿದೆವು. ಪಟ್ಟಣದವರಿಗೆ ಎರಡು–ಒಂದರಿಂದ ಸೋತೆವು. ನನಗೆ ಪೆಟ್ಟೇನೂ ಆಗಿಲ್ಲ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ಎರಡನೇ ಗೋಲಾದಾಗ ನಾನು ಬಿದ್ದವನು ಏಳಲಿಲ್ಲ ಎಂದು ರೇಡಿಯೋದವನು ಹೇಳಿದನಂತೆ. ಏಳಲಿಲ್ಲ, ನಿಜ. ಏಳುವ ಮನಸ್ಸಿರಲಿಲ್ಲ, ಅಷ್ಟೇ.

ಚೆಂಡು ನನ್ನ ಕೈಗೆ ತಾಗಿಯೇ ಒಳಗೆ ಹೋಯಿತು. ಒದ್ದೆ ಚೆಂಡು, ಜಾರಿತು ಎಂದು ಎಲ್ಲರೂ ಸಮಾಧಾನ ಹೇಳಿದರು. ನಮ್ಮ ದ್ವೀಪಗಳಲ್ಲಿ ಒಣಗಿದ ಚೆಂಡಿನಲ್ಲಿ ಯಾರು ಯಾವತ್ತು ಆಡಿದ್ದಾರೆ?

ಯುರೋಪಿನವರು ಈಗ ನಮ್ಮ ಫೆರೋ ದ್ವೀಪಗಳ ತಂಡಗಳನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ನಮಗೆ ಎರಡು ಜಾಗ. ಲೀಗ್ ಗೆದ್ದವರು ಚಾಂಪಿಯನ್ನರ ಪಂದ್ಯಾವಳಿಗೆ ಹೋಗುತ್ತಾರೆ, ಕಪ್ ಗೆದ್ದವರು ಕಪ್ ವಿಜೇತರ ಪಂದ್ಯಾವಳಿಗೆ. ಲೀಗಿನಲ್ಲಿ ನಾವು ನಡುವೆ ಎಲ್ಲೋ ಇದ್ದೇವೆ. ಕಪ್ಪೊಂದೇ ನಮಗಿದ್ದ ದಾರಿ. ನನಗೆ ಮೂವತ್ತನಾಲ್ಕು. ಒಂದು ಸಲವಾದರೂ, ಹೊರಗೆ ಒದ್ದ ಚೆಂಡು ಸಮುದ್ರಕ್ಕೆ ಬೀಳದ ಒಂದು ಮೈದಾನದಲ್ಲಿ ಗೋಲು ಕಾಯಬೇಕು ಎಂದು ಆಸೆಯಿತ್ತು. ಅಷ್ಟಕ್ಕಾಗಿ ಊರು ಬಿಟ್ಟು ಈ ತಂಡ ಸೇರಿದೆ ಎಂದು ಅಪ್ಪ ಹೇಳುತ್ತಾನೆ. ಎಯ್ರಿಯ ಸೊಲ್ವಾಳನ್ನು ಮದುವೆಯಾದದ್ದೂ ಒಂದು ಕಾರಣ ಎಂದು ಅವನಿಗೆ ಯಾರಾದರೂ ನೆನಪಿಸಬೇಕು.

ಫೋನ್ ಮಾಡಬಹುದಿತ್ತು. ಆದರೆ ನೀನು ‘ಟ್ರಿಗ್ವಿಯಾ?’ ಎನ್ನುತ್ತಿದ್ದಂತೆ ಅಪ್ಪ ಎದ್ದು ಹೊರಗೆ ಹೋಗುವ ಬಾಗಿಲ ಸದ್ದು ನನಗೆ ಇಲ್ಲಿಗೆ ಕೇಳುತ್ತದೆ. ಪತ್ರಕ್ಕೆ ಬಾಗಿಲಿಲ್ಲ.

ಅವನು ರೇಡಿಯೋ ಕೇಳಿದನೇ?

ನಿನ್ನ
ಟ್ರಿಗ್ವಿ


ಹ್ವಾನ್ವಿಕ್
ಆಗಸ್ಟ್ 22

ಟ್ರಿಗ್ವಿ,

ಉತ್ತರ ತಡವಾಯಿತು. ಹುಲ್ಲು ಕೊಯ್ಯುತ್ತಿದ್ದೆವು. ಮೂರು ದಿನ ಬಿಸಿಲು ಸಿಕ್ಕಿತು, ಸಿಕ್ಕಾಗ ಬಿಡಬಾರದಲ್ಲ.

ಕೇಳಿದ. ಕುರಿಯ ಉಣ್ಣೆ ಬಿಡಿಸುವ ನೆಪದಲ್ಲಿ ರೇಡಿಯೋದ ಹತ್ತಿರವೇ ಕೂತಿದ್ದ. ಎರಡನೇ ಗೋಲಾದಾಗ, “ಎಯ್ರಿಯ ಗೋಲ್‌ಕೀಪರ್ ಬೇಗ ಹಾರ್ಬಿಟ್ಟ” ಅಂದ. ನೀನು ಹೋದಾಗಿನಿಂದ ಅವನ ಬಾಯಲ್ಲಿ ನಿನಗೆ ಅದೇ ಹೆಸರು. ನಿನ್ನ ಹುಟ್ಟುಹಬ್ಬದ ದಿನವೂ “ಎಯ್ರಿಯ ಗೋಲ್‌ಕೀಪರ್‌ಗೆ ಇವತ್ತಿಗೆ ಎಷ್ಟಾಯ್ತು?” ಎಂದು ಕೇಳಿದ. “ನೀನೇ ಲೆಕ್ಕ ಹಾಕು, ಹುಟ್ಟಿದಾಗ ಇದ್ಯಲ್ಲ” ಅಂದೆ. “ಎಲ್ಲಿದ್ದೆ? ಗ್ರೀನ್‌ಲ್ಯಾಂಡಲ್ಲಿ ಮೀನು ಹಿಡೀತಿದ್ದೆ” ಅಂದ.

ಊರಿನ ಸಭೆಯಾಯಿತು. ಈ ವರ್ಷದ ಆಟ ಮುಗಿದ ಮೇಲೆ ನಮ್ಮ ತಂಡವನ್ನು ಕೊಲ್ಲಿಯಾಚೆಯವರ ತಂಡದ ಜೊತೆ ಸೇರಿಸುತ್ತಾರೆ. ಹೊಸ ಹೆಸರು, ಹೊಸ ಬಣ್ಣ, ಮೈದಾನವೂ ಅವರದ್ದೇ. ಮೀನಿನ ಕಾರ್ಖಾನೆ ಅರ್ಧ ಮುಚ್ಚಿದೆ. ಡೆನ್ಮಾರ್ಕಿಗೆ ಹೊರಟವರು ಕಿಟಕಿಗಳಿಗೆ ಹಲಗೆ ಹೊಡೆದು ಹೋಗಿದ್ದಾರೆ. ಹನ್ನೊಂದು ಜನರನ್ನು ಕೂಡಿಸುವುದೇ ಕಷ್ಟ ಎಂದರು, ಅದು ಸುಳ್ಳೂ ಅಲ್ಲ. ಬೇಡ ಅನ್ನುವವರು ಕೈಯೆತ್ತಿ ಎಂದಾಗ ಎತ್ತಿದವನು ನಿನ್ನಪ್ಪ ಒಬ್ಬನೇ. ಇಳಿಸಲು ಮರೆತವನ ಹಾಗೆ ಬಹಳ ಹೊತ್ತು ಎತ್ತಿಕೊಂಡೇ ಇದ್ದ.

ತಮಾಷೆ ನೋಡು, ಮುಚ್ಚಿಹೋಗುವ ವರ್ಷವೇ ನಮ್ಮ ಹುಡುಗರು ಚೆನ್ನಾಗಿ ಆಡುತ್ತಿದ್ದಾರೆ. ಲೀಗಿನಲ್ಲಿ ಪಟ್ಟಣದವರ ಹಿಂದೆಯೇ ಇದ್ದಾರೆ. ಹ್ವಾನ್ವಿಕ್ ಇದುವರೆಗೆ ಒಂದು ಸಲವೂ ಲೀಗ್ ಗೆದ್ದಿಲ್ಲ, ಗೊತ್ತಲ್ಲ.

ನಿನ್ನಪ್ಪ ತನ್ನ ದೋಣಿಗೆ ಹೊಸದಾಗಿ ಬಣ್ಣ ಹೊಡೆದಿದ್ದಾನೆ. ಪಂದ್ಯದ ದಿನ ಮೈದಾನದ ಕೆಳಗೆ ನೀರಿನಲ್ಲಿ ಕೂತು, ಸಮುದ್ರಕ್ಕೆ ಬಿದ್ದ ಚೆಂಡು ಎತ್ತಿ ಮೇಲೆಸೆಯುವ ಅದೇ ಕೆಲಸ. ಅಲ್ಲಿಂದ ಆಟ ಕಾಣುವುದಿಲ್ಲ. ನೀನು ಆಡುತ್ತಿದ್ದಾಗಲೂ ಅವನು ನಿನ್ನನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಜನರ ಕೂಗಿನಿಂದಲೇ ಯಾರು ಒದ್ದರು, ಯಾರು ಹಿಡಿದರು ಎಂದು ಹೇಳುತ್ತಿದ್ದ. ಮುಂದಿನ ವರ್ಷ ಮೈದಾನವೇ ಇಲ್ಲದ ಮೇಲೆ ಈ ದೋಣಿಗೆ ಬಣ್ಣ ಯಾಕೆ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಸೊಲ್ವಾಳಿಗೆ ರೂಬಾರ್ಬ್ ಜಾಮ್ ಕಳಿಸಿದ್ದೇನೆ. ಬಾಟಲಿ ವಾಪಸು ಬೇಕು.

ನಿನ್ನ ತಾಯಿ
ಎಲ್ಸ್‌ಪಾ


ಎಯ್ರಿ
ಸೆಪ್ಟೆಂಬರ್ 14

ಅಮ್ಮಾ,

ನಿನ್ನೆ ಪಟ್ಟಣದವರ ಜೊತೆ ಲೀಗ್ ಪಂದ್ಯವಿತ್ತು. ಆಡಲಿಲ್ಲ. ಮಂಜು.

ಇಲ್ಲಿಂದ ಪಟ್ಟಣಕ್ಕೆ ಭಾನುವಾರ ದೊಡ್ಡ ದೋಣಿಯಿಲ್ಲ. ಟುಮ್ಮಸ್‌ನ ಮೀನುದೋಣಿಯಲ್ಲೇ ಹೋಗಬೇಕು. ಅವನ ರೇಡಾರ್ ಕೆಟ್ಟು ವರ್ಷವಾಯಿತು. “ನನ್ ಕಿವಿನೇ ರೇಡಾರು” ಎನ್ನುತ್ತಾನೆ. ದೋಣಿ ಅವನದಾದರೂ ಹೊರಡಬೇಕೋ ಬೇಡವೋ ಎಂದು ಹೇಳುವವನು ತಂಡದ ನಾಯಕ. ಹಿಂದೆಂದೋ ದಡದಲ್ಲಿ ನಿಂತ ತಂಡದ ಅಧ್ಯಕ್ಷರು ಹೋಗಿ ಎಂದರಂತೆ, ದೋಣಿ ಬಂಡೆಗೆ ಬಡಿಯಿತಂತೆ. ಅಂದಿನಿಂದ, ದೋಣಿ ಹತ್ತುವವನೇ ಹೇಳಬೇಕು ಎಂದು ಇಲ್ಲಿ ಕಟ್ಟಳೆ.

ದೋಣಿಕಟ್ಟೆಯ ಮೇಲೆ ನಿಂತರೆ ಕಟ್ಟಿದ ದೋಣಿಯೇ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಟುಮ್ಮಸ್‌ನ ದನಿ ಬಂತು: “ಏನ್ ಕ್ಯಾಪ್ಟನ್ನೇ, ಹಗ್ಗ ಬಿಚ್ಲಾ?” ಬೇಡ ಎಂದೆ. ಪಟ್ಟಣದ ದಾರಿಯಲ್ಲಿ, ನಿಮ್ಮ ಊರಿನ ಮುಂದೆ ಸಮುದ್ರದಲ್ಲಿರುವ ಕರಿಬಂಡೆ ನೆನಪಿಗೆ ಬಂದಿತ್ತು. ಯಾರೂ ಎದುರು ಮಾತಾಡಲಿಲ್ಲ, ಎಲ್ಲರೂ ಮನೆಗೆ ಹೋಗಿ ಮಲಗಿದರು.

ಲೀಗಿನ ಉಳಿದ ಪಂದ್ಯಗಳೆಲ್ಲ ಮುಗಿದ ಮೇಲೆ ಇದನ್ನು ಆಡಿಸುತ್ತಾರಂತೆ. ನಮಗೆ ಗೆದ್ದರೂ ಸೋತರೂ ವ್ಯತ್ಯಾಸವಿಲ್ಲದ ಪಂದ್ಯ.

ಬಾಟಲಿಯನ್ನು ಸೊಲ್ವಾ ತೊಳೆದಿಟ್ಟಿದ್ದಾಳೆ.

ಟ್ರಿಗ್ವಿ


ಹ್ವಾನ್ವಿಕ್
ಅಕ್ಟೋಬರ್ 5

ಟ್ರಿಗ್ವಿ,

ನಿನ್ನೆ ನಮ್ಮವರು ಕೊನೆಯ ಪಂದ್ಯ ಗೆದ್ದರು. ನಮ್ಮದೆಲ್ಲ ಮುಗಿಯಿತು. ಪಟ್ಟಣದವರಿಗಿಂತ ಒಂದು ಅಂಕ ಮುಂದಿದ್ದೇವೆ, ಆದರೆ ಅವರದು ಇನ್ನೊಂದು ಪಂದ್ಯ ಬಾಕಿಯಿದೆ, ಅದೂ ನಿಮ್ಮ ಜೊತೆ.

ಗೆದ್ದವರ ಮನೆಯೋ ಸಾವಿನ ಮನೆಯೋ ತಿಳಿಯದ ಹಾಗಿತ್ತು ನಮ್ಮ ಸಭಾಂಗಣ. ಕಾಫಿ ಕುದಿಯುತ್ತಿತ್ತು, ಹೆಂಗಸರು ಕೇಕ್ ತಂದಿದ್ದರು. ಕತ್ತರಿಸುವುದೋ ಬೇಡವೋ ಎಂದು ಚಾಕು ಹಿಡಿದು ನಿಂತವಳು ನಾನೇ. “ಕತ್ತರ್ಸೇ ಎಲ್ಸ್‌ಪಾ, ಗೆಲ್ಲದೆ ಇದ್ರೂ ಕೇಕ್ ಹಳಸತ್ತೆ” ಎಂದು ಯಾರೋ ಅಂದರು. “ಹಾಗಾದ್ರೆ ಈಗ ನಾವು ಕಾಯ್ಬೇಕಾಗಿರೋದು ಯಾರ್ನ?” ಎಂದು ಇನ್ನೊಬ್ಬರು ಕೇಳಿದರು. ನಿನ್ನಪ್ಪ ಬಾಗಿಲಲ್ಲಿ ಒದ್ದೆ ಬೂಟು ಕಳಚುತ್ತಿದ್ದ. ತಲೆಯೆತ್ತದೆ, “ಎಯ್ರಿಯ ಗೋಲ್‌ಕೀಪರ್‌ನ” ಅಂದ. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಚಾಕು ಕೆಳಗಿಟ್ಟೆ.

ಸೆಪ್ಟೆಂಬರಿನ ಮಂಜಿನ ವಿಷಯವೂ ಬಂತು. “ಆ ಮಂಜಾ? ಅದ್ರಲ್ಲಿ ನಾನು ಆಲೂಗಡ್ಡೆ ಮೂಟೆ ಹೇರ್ಕೊಂಡು ಹುಟ್ಟು ಹಾಕಿದೀನಿ” ಎಂದ ನಿನ್ನಪ್ಪ. ಜನ ನಕ್ಕರು. ನಿನಗೆ ಬರೆಯಬಾರದೆಂದಿದ್ದೆ, ಹೇಗೂ ಯಾರಾದರೂ ಹೇಳುತ್ತಾರೆ.

ಒಂದು ಮಾತು ನನಗೆ ತಲೆಗೆ ಹತ್ತುತ್ತಿಲ್ಲ. ನೀವು ಪಟ್ಟಣದವರಿಗೆ ಸೋತರೆ ಎಯ್ರಿಗೆ ಯುರೋಪಿಗೆ ಹೋಗುವ ಜಾಗ ಸಿಗುತ್ತದೆ, ಅದಕ್ಕೆ ನೀವು ಸೋಲುತ್ತೀರಿ ಎಂದು ಇಲ್ಲಿ ಮಾತಾಡುತ್ತಿದ್ದಾರೆ. ಸೋತವರು ಹೇಗೆ ಹೋಗುತ್ತಾರೆ? ನನಗೆ ಅರ್ಥವಾಗುವ ಹಾಗೆ ಬರೆ. ನಿನ್ನಪ್ಪನನ್ನು ಕೇಳಿದರೆ ಎದ್ದು ಹೋಗುತ್ತಾನೆ.

ನಿನ್ನ ತಾಯಿ


ಎಯ್ರಿ
ಅಕ್ಟೋಬರ್ 8

ಅಮ್ಮಾ,

ನಿಧಾನವಾಗಿ ಓದು.

ಪಟ್ಟಣದವರು ಆಗಸ್ಟಿನಲ್ಲೇ ನಮ್ಮನ್ನು ಸೋಲಿಸಿ ಕಪ್ ಗೆದ್ದಿದ್ದಾರೆ. ಈಗ ನಮ್ಮ ಜೊತೆಗಿನ ಪಂದ್ಯವನ್ನೂ ಗೆದ್ದರೆ ಲೀಗೂ ಅವರದ್ದೇ. ಆಗ ಅವರು ಚಾಂಪಿಯನ್ನರಾಗಿ ದೊಡ್ಡ ಪಂದ್ಯಾವಳಿಗೆ ಹೋಗುತ್ತಾರೆ. ಒಂದೇ ತಂಡ ಎರಡು ಕಡೆ ಆಡುವ ಹಾಗಿಲ್ಲವಲ್ಲ, ಕಪ್ ಗೆದ್ದವರ ಜಾಗ ಖಾಲಿಯಾಗುತ್ತದೆ. ಅದನ್ನು ಫೈನಲ್ಲಿನಲ್ಲಿ ಸೋತವರಿಗೆ ಕೊಡುತ್ತಾರೆ. ಅಂದರೆ ನಮಗೆ.

ಅವರು ಗೆಲ್ಲದಿದ್ದರೆ, ಬರೀ ಸಮವಾದರೂ ಸಾಕು, ಅಂಕ ಸಮನಾದರೆ ಗೋಲಿನ ಲೆಕ್ಕದಲ್ಲಿ ನೀವೇ ಮುಂದೆ, ಲೀಗ್ ನಿಮ್ಮದು. ಹ್ವಾನ್ವಿಕ್ ಚಾಂಪಿಯನ್. ಪಟ್ಟಣದವರು ಕಪ್ ಗೆದ್ದವರಾಗಿ ಹೋಗುತ್ತಾರೆ. ನಮಗೆ ಏನೂ ಇಲ್ಲ.

ಹಾಗಾಗಿ ಸೋತರೆ ನಾವು ಹೋಗುತ್ತೇವೆ. ಸೋಲದಿದ್ದರೆ ನೀವು. ಈ ನಿಯಮ ಬರೆದ ಮಹಾಶಯರು ಎಲ್ಲೋ ಬೆಚ್ಚಗಿನ ಕೋಣೆಯಲ್ಲಿ ಕೂತು ಬರೆದಿರಬೇಕು. ಸೋತವನೇ ಗೆದ್ದವನನ್ನು ಮತ್ತೊಮ್ಮೆ ಎದುರಿಸುವ ದಿನ ಬರುತ್ತದೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ನಮಗೂ ಹೊಳೆಯಲಿಲ್ಲ. ಸೆಪ್ಟೆಂಬರಿನಲ್ಲಿ ನಾನು ಹಗ್ಗ ಬಿಚ್ಚಬೇಡ ಎಂದಾಗ ಯಾರ ತಲೆಯಲ್ಲೂ ಇದಿರಲಿಲ್ಲ. ಈಗ ಪಟ್ಟಣದಲ್ಲಿ, ಎಯ್ರಿಯವರು ಬೇಕೆಂದೇ ಪಂದ್ಯವನ್ನು ಕೊನೆಗೆ ತಳ್ಳಿದರು ಎನ್ನುತ್ತಿದ್ದಾರಂತೆ. ಅಷ್ಟು ಬುದ್ಧಿಯಿದ್ದರೆ ಫೈನಲ್ಲನ್ನೇ ಗೆಲ್ಲುತ್ತಿರಲಿಲ್ಲವೇ ನಾವು?

ಇಲ್ಲಿ ಯಾರೂ ಸೋಲು ಎಂದು ನನಗೆ ಹೇಳಿಲ್ಲ, ಇದನ್ನು ನಂಬು. ನಮ್ಮ ಅಧ್ಯಕ್ಷ ಹಾನುಸ್ ಒಳ್ಳೆಯ ಮನುಷ್ಯ, ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು. ಅವನು ಮಾತಾಡುವುದು ಹವಾಮಾನದ ಬಗ್ಗೆ ಮಾತ್ರ. ಪಂದ್ಯ ಹದಿನೆಂಟನೇ ತಾರೀಖು ಭಾನುವಾರ. ಈ ಸಲ ನಾವು ಹೋಗದಿದ್ದರೆ ಸೋತಂತೆಯೇ ಲೆಕ್ಕ ಎಂದು ಫುಟ್‌ಬಾಲ್ ಸಂಘದವರು ತಿಳಿಸಿದ್ದಾರೆ. ಅದನ್ನು ಓದಿದ ಮೇಲೆ ಇಡೀ ಎಯ್ರಿಗೆ ಮಂಜಿನ ಮೇಲೆ ಪ್ರೀತಿ ಬಂದುಬಿಟ್ಟಿದೆ. ಬ್ರೆಡ್ ಅಂಗಡಿಯವಳು ಚಿಲ್ಲರೆ ಕೊಡುತ್ತ, “ಗಾಳಿ ತೆಂಕಣಕ್ಕೆ ತಿರುಗೋ ಹಾಗಿದೆ ಅಲ್ವಾ?” ಎನ್ನುತ್ತಾಳೆ, ತೆಂಕಣ ಗಾಳಿ ಮಂಜು ತರುತ್ತದಲ್ಲ. ಪಾದ್ರಿಗಳು ಬಾಗಿಲಲ್ಲಿ ಕೈಕುಲುಕಿ, “ಸಮುದ್ರದ ವಿಷಯದಲ್ಲಿ ಹುಷಾರಾಗಿರ್ಬೇಕು ಕಣಪ್ಪ, ಪ್ರಾಣ ದೊಡ್ಡದು” ಎಂದರು. ಪಟ್ಟಣದವರು ತಾವೇ ದೊಡ್ಡ ದೋಣಿ ಕಳಿಸುತ್ತೇವೆ ಎಂದರೆ ಹಾನುಸ್, “ಯಾಕೆ ತೊಂದ್ರೆ, ನಮ್ದಿದ್ಯಲ್ಲ” ಎಂದುಬಿಟ್ಟ. ಶನಿವಾರವೇ ಹೋಗಿ ಅಲ್ಲಿ ಉಳಿಯೋಣ ಎಂದೆ. “ಶನಿವಾರ ಕುರಿ ಕಡಿಯೋ ದಿನ, ನಿಂಗೇನ್ ತಲೆ ಕೆಟ್ಟಿದ್ಯಾ?” ಎಂದರು ಎಲ್ಲರೂ. ಅದೂ ನಿಜವೇ. ಇಲ್ಲಿ ಪ್ರತಿಯೊಂದೂ ನಿಜವೇ.

ಮುಖದ ಮೇಲೆ ಮಾತಾಡಿದವನು ರೂನಿ ಒಬ್ಬ. ನನ್ನ ಮುಂದೆ ಎಡಗಡೆ ಆಡುತ್ತಾನೆ, ಸೊಲ್ವಾಳ ಸೋದರಮಾವನ ಮಗ. ಅಭ್ಯಾಸ ಮುಗಿದ ಮೇಲೆ ಬೂಟಿನ ಮಣ್ಣು ಕೆರೆಯುತ್ತ ಅಂದ: “ನೋಡು ಭಾವ, ನೀನು ಚೆಂಡು ಹಿಡಿದ್ರೆ ಅಪ್ಪನ ಊರಿಗೋಸ್ಕರ ಹಿಡ್ದ ಅಂತಾರೆ. ಬಿಟ್ರೆ ಅಲ್ಲಿಯವ್ರು ನಿನ್ ಮುಖಕ್ಕೆ ಉಗೀತಾರೆ. ಮಂಜು ಬಂದ್ರೆ ನಿಂಗೇ ಒಳ್ಳೇದು.”

“ನಿಂಗೆ?” ಎಂದೆ.

“ನಂಗಾ? ನಾನು ವಿಮಾನ ಹತ್ತಿದ್ದು ಅಪೆಂಡಿಕ್ಸ್ ಆಪರೇಶನ್‌ಗೆ ಒಂದೇ ಸಲ. ನಂಗೆ ಹೋಗ್ಬೇಕು.”

ಅವನು ಸರಿಯಾಗಿಯೇ ಹೇಳಿದ. ಈ ಪಂದ್ಯದಲ್ಲಿ ನಾನು ಹಿಡಿಯುವ ಯಾವ ಚೆಂಡೂ ಬರೀ ಚೆಂಡಲ್ಲ.

ಟ್ರಿಗ್ವಿ


ಹ್ವಾನ್ವಿಕ್
ಅಕ್ಟೋಬರ್ 12

ಟ್ರಿಗ್ವಿ,

ಈಗ ಅರ್ಥವಾಯಿತು. ಅರ್ಥವಾಗದಿದ್ದಾಗಲೇ ಚೆನ್ನಾಗಿತ್ತು.

ನಮ್ಮ ಮನೆಗೆ ದಿನಾ ಯಾರಾದರೂ ಬರುತ್ತಾರೆ. ವರ್ಷಗಟ್ಟಲೆ ನಿನ್ನ ಹೆಸರೆತ್ತದವರು ಈಗ “ನಮ್ ಟ್ರಿಗ್ವಿ ಹೇಗಿದಾನೆ?” ಎನ್ನುತ್ತಾರೆ. ಒಬ್ಬಳು ಕೈಗವಸು ಹೆಣೆದು ತಂದಳು. ಗೋಲ್‌ಕೀಪರ್‌ಗೆ ಉಣ್ಣೆಯ ಕೈಗವಸು! ಮೊನ್ನೆ ಮೇಲಿನ ಮನೆಯವನು ಗಾಳಿಯಲ್ಲಿ ಒಣಗಿಸಿದ ಕುರಿಯ ಇಡೀ ತೊಡೆ ಹೊತ್ತು ತಂದ. ಕಳೆದ ವರ್ಷದ್ದು, ಚೆನ್ನಾಗಿ ಪಕ್ವವಾದದ್ದು, ವಾಸನೆ ಬೀದಿಗೆಲ್ಲ ಬರುತ್ತಿತ್ತು. “ಮಗನಿಗೆ ಕಳ್ಸಿ, ಊರಿನ ರುಚಿ ನೆನಪಿರ್ಲಿ” ಅಂದ. ನಿನ್ನಪ್ಪ ಅದನ್ನು ತಾನೇ ಹೆಗಲ ಮೇಲೆ ಹಾಕಿಕೊಂಡು ಅವನ ಹಿಂದೆಯೇ ಹೋಗಿ ಅವನ ಮೆಟ್ಟಿಲ ಮೇಲೆ ಇಟ್ಟು ಬಂದ. “ಎಯ್ರಿಯ ಗೋಲ್‌ಕೀಪರ್‌ಗೆ ನಮ್ಮನೆಯಿಂದ ಮೂಳೆನೂ ಹೋಗಲ್ಲ” ಎಂದನಂತೆ. ಈಗ ಊರಿನಲ್ಲಿ ಅವನ ಜೊತೆ ಯಾರೂ ಮಾತಾಡುತ್ತಿಲ್ಲ. ತಂಡಕ್ಕೆ ಕಲ್ಲುಬಂಡೆ ಸಿಡಿಸಿ ಮೈದಾನ ಮಾಡಿದವರಲ್ಲಿ ಉಳಿದವನು ಅವನೊಬ್ಬ, ಅವನಿಗೇ “ನಿಂಗೆ ನಮ್ಮೂರು ಗೆಲ್ಲೋದು ಬೇಡ್ವಾ?” ಎಂದು ಕೇಳಿದ್ದಾರೆ.

ಅವನಿಗೆ ಬೇಕು, ಟ್ರಿಗ್ವಿ. ಎಷ್ಟು ಬೇಕು ಎಂದು ನನಗೆ ಗೊತ್ತು. ಧ್ವಜದ ಕಂಬದ ತುಕ್ಕು ಉಜ್ಜಿ ಹೊಸ ಹಗ್ಗ ಕಟ್ಟಿದ್ದಾನೆ. ಬೆಳಿಗ್ಗೆ ಎದ್ದ ಕೂಡಲೇ ವಾಯುಭಾರಮಾಪಕದ ಮುಳ್ಳನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ. ಆಮೇಲೆ ಕಿಟಕಿಯ ಹತ್ತಿರ ನಿಂತು ಎಯ್ರಿಯ ಕಡೆ ನೋಡುತ್ತಾನೆ. ಇಲ್ಲಿಂದ ಎಯ್ರಿ ಕಾಣುವುದಿಲ್ಲ, ನಿನಗೂ ಗೊತ್ತು.

ನಾನು ನಿನ್ನಿಂದ ಏನೂ ಕೇಳುತ್ತಿಲ್ಲ. ಕೇಳುತ್ತಿಲ್ಲ ಎಂದು ಬರೆಯುವುದೂ ಕೇಳಿದ ಹಾಗೆಯೇ ಆಯಿತೇನೋ. ಬಿಡು.

ಬಾಟಲಿ ಬಂತು. ಮುಚ್ಚಳ ಬೇರೆಯದು.

ಎಲ್ಸ್‌ಪಾ


ಹ್ವಾನ್ವಿಕ್
ಅಕ್ಟೋಬರ್ 15

ಟ್ರಿಗ್ವಿ,

ಗಾಳಿ ತೆಂಕಣಕ್ಕೆ ತಿರುಗಿದೆ. ಭಾನುವಾರ ಮಂಜು ಇರುತ್ತದೆ.

ಟುಮ್ಮಸ್‌ಗೆ ಕಿವಿಯಿದೆ ಎಂದು ಅವನೇ ಹೇಳಿಕೊಳ್ಳುವುದು. ಆ ಇಂಜಿನ್ನಿನ ಗದ್ದಲದಲ್ಲಿ ಅವನಿಗೆ ಅವನ ಮಾತೇ ಕೇಳುವುದಿಲ್ಲ. ಆಗಾಗ ಇಂಜಿನ್ ನಿಲ್ಲಿಸಿ ಕೇಳಬೇಕು. ಅವನಿಗೆ ನೀನು ಹೇಳು.

ಕಟ್ಟೆ ಬಿಟ್ಟ ಮೇಲೆ ದಡಕ್ಕೆ ಬಡಿಯುವ ಅಲೆಯ ಸದ್ದು ಎಡಗಿವಿಯಲ್ಲೇ ಇರಲಿ. ಅದು ನಿಂತ ಕಡೆ ಕೊಲ್ಲಿಯ ಬಾಯಿ. ಅಲ್ಲಿಂದ ನೇರ. ಅಪಾಯವಿರುವುದು ನಮ್ಮ ಕರಿಬಂಡೆಯ ಹತ್ತಿರ ಮಾತ್ರ. ಬೆಳಿಗ್ಗೆಯಿಂದ ನಾನು ಬಂಡೆಯ ಪಕ್ಕದಲ್ಲಿ ನನ್ನ ದೋಣಿಯಲ್ಲಿರುತ್ತೇನೆ. ಕೊಂಬು ಊದುತ್ತೇನೆ. ಎರಡು ಗಿಡ್ಡ, ಒಂದು ಉದ್ದ. ಕೊಂಬು ಬಲಗಡೆ ಕೇಳಿದರೆ ಸರಿಯಾಗಿದ್ದೀರಿ. ಎಡಗಡೆ ಕೇಳಿದರೆ, ಅಥವಾ ಕೇಳದೆಯೇ ಇದ್ದರೆ, ತಿರುಗಿ ಮನೆಗೆ ಹೋಗಿ. ಯಾವ ಪಟ್ಟಕ್ಕಾಗಿಯೂ ಯಾರೂ ಮುಳುಗಬೇಕಾಗಿಲ್ಲ. ನಮ್ಮದಕ್ಕೂ.

ಸೆಪ್ಟೆಂಬರಿನಲ್ಲಿ ನೀನು ಹೊರಡದಿದ್ದದ್ದು ಸರಿ. ಆ ದಿನ ನಾನೂ ದೋಣಿ ಬಿಚ್ಚಿರಲಿಲ್ಲ. ಆಲೂಗಡ್ಡೆಯ ಮಾತು ಜನ ಕೂತಿದ್ದರು ಎಂದು ಬಂದದ್ದು.

ನೀವು ಬರದಿದ್ದರೆ ಮಧ್ಯಾಹ್ನ ನಾನು ಮನೆಗೆ ಹೋಗುತ್ತೇನೆ. ಬಂದರೆ, ಬಂಡೆ ದಾಟಿದ ಮೇಲೆ ಪಟ್ಟಣದಲ್ಲಿ ನೀನು ಏನು ಮಾಡುತ್ತೀಯೋ ಅದು ನಿನ್ನದು. ನಾನು ರೇಡಿಯೋ ಹಾಕುವುದಿಲ್ಲ.

ಫೈನಲ್ಲಿನ ಎರಡನೇ ಗೋಲಿಗೆ ನೀನು ಬೇಗ ಹಾರಿದೆ. ಚೆಂಡು ಕಾಲಿನಿಂದ ಬಿಡುವವರೆಗೆ ನಿಲ್ಲಬೇಕು.

ಮಿಕ್ಯಾಲ್


ಎಯ್ರಿ
ಅಕ್ಟೋಬರ್ 18, ಭಾನುವಾರ ಬೆಳಿಗ್ಗೆ

ಅಮ್ಮಾ,

ಅಪ್ಪ ಹೇಳಿದ ಹಾಗೆಯೇ ಆಯಿತು. ಅಡುಗೆಮನೆಯ ಕಿಟಕಿಯಿಂದ ಬೇಲಿ ಕಾಣುತ್ತದೆ, ಬೇಲಿಯಾಚೆ ಏನೂ ಇಲ್ಲ. ಸೆಪ್ಟೆಂಬರಿನಷ್ಟು ದಟ್ಟವಿಲ್ಲ. ಕಟ್ಟೆಯ ತುದಿಗೆ ಹೋಗಿ ನೋಡಿ ಬಂದೆ, ಟುಮ್ಮಸ್‌ನ ದೋಣಿ ಕಾಣುತ್ತದೆ, ಅದರಾಚೆ ಇನ್ನೊಂದು ದೋಣಿಯುದ್ದದಷ್ಟು ನೀರು ಕಾಣುತ್ತದೆ. ಹೋಗಬಹುದು ಎಂದರೆ ಹೋಗಬಹುದು. ಬೇಡ ಎಂದರೆ ಯಾರೂ ನನ್ನನ್ನು ಸುಳ್ಳುಗಾರ ಎನ್ನಲಾರರು. ಪೂರ್ತಿ ಮುಚ್ಚಿದ್ದರೆ ಎಷ್ಟು ಸುಲಭವಿತ್ತು.

ಹಾನುಸ್ ಬಂದಿದ್ದ. ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತ.

“ಮಂಜು ನೋಡಿದ್ಯಾ?”

“ನೋಡ್ದೆ.”

“ನಾನೇನೂ ಹೇಳಲ್ಲಪ್ಪ. ನಾಯಕ ನೀನು, ದೋಣಿ ಹತ್ತೋನು ನೀನು. ಹನ್ನೊಂದು ಮನೆ ಮಕ್ಕಳು ಆ ದೋಣೀಲಿರ್ತಾರೆ ಅನ್ನೋದು ಮಾತ್ರ ನೆನಪಿಟ್ಕೋ.”

“ಅವ್ರನ್ನ ಮಂಜಿಲ್ದೆ ಇದ್ರೆ ಕಳಿಸ್ತಿದ್ರಿ ತಾನೇ?”

“ಮಂಜಿಲ್ದೆ ಇದ್ರೆ...” ಎಂದು ಟೋಪಿ ಸರಿಮಾಡಿಕೊಂಡ. ಸೊಲ್ವಾ ಕಾಫಿ ಕೊಡಲೇ ಎಂದು ಕೇಳಿದಳು. ಬೇಡ ಎಂದು ಹೋದ.

ನಾನು ಒಂದು ಮಾತನ್ನು ನಿನಗೆ ಬಿಟ್ಟು ಬೇರೆ ಯಾರಿಗೂ ಬರೆಯಲಾರೆ. ನನಗೆ ಯುರೋಪಿಗೆ ಹೋಗುವ ಆಸೆ ಸತ್ತಿಲ್ಲ. ನಿನ್ನೆ ಕುರಿಯ ಚರ್ಮ ಸುಲಿಯುತ್ತಿರುವಾಗಲೂ ಆ ಮೈದಾನ ಕಣ್ಣ ಮುಂದಿತ್ತು. ಯಾವ ದೇಶದ್ದೋ ಗೊತ್ತಿಲ್ಲ, ದೀಪದ ಕಂಬಗಳಿರುವಂಥದು, ಸುತ್ತ ಗೋಡೆಯಿರುವಂಥದು. ಅದಕ್ಕಾಗಿ ನಾನು ಏನೂ ಮಾಡಬೇಕಾಗಿಲ್ಲ. ಕಟ್ಟೆಗೆ ಹೋಗಿ ತಲೆಯಲ್ಲಾಡಿಸಿದರೆ ಸಾಕು. ಒಂದು ಗೋಲೂ ಬಿಡಬೇಕಾಗಿಲ್ಲ. ಸೋತದ್ದು ನಾನಲ್ಲ, ಮಂಜು.

ಹಾಗೆಯೇ ಮಾಡಬೇಕು ಎಂದು ಗುರುವಾರದವರೆಗೆ ಇದ್ದೆ. ನಿನಗೆ ಸುಳ್ಳು ಹೇಳಲಾರೆ. ಶುಕ್ರವಾರ ಅಪ್ಪನ ಪತ್ರ ಬಂತು. ಲಕೋಟೆಯ ಮೇಲೆ ‘ಗೋಲ್‌ಕೀಪರ್, ಎಯ್ರಿ’ ಎಂದಷ್ಟೇ ಇತ್ತು. ಅಂಚೆಯವನು ನಗುತ್ತ ಕೊಟ್ಟ. ಒಳಗೆ ನನ್ನ ಹೆಸರಿತ್ತು.

ಈ ಹೊತ್ತಿಗೆ ಅವನು ಬಂಡೆಯ ಪಕ್ಕದಲ್ಲಿದ್ದಾನೆ. ಇಲ್ಲಿಗೆ ಆ ಕೊಂಬು ಕೇಳುವುದು ಸಾಧ್ಯವೇ ಇಲ್ಲ, ನಡುವೆ ಇಡೀ ಗುಡ್ಡವಿದೆ. ಆದರೂ ನಾನು ಕಿಟಕಿ ತೆರೆದು ಕೇಳಿದೆ. ತಾನು ಊದಿದ್ದು ಯಾರಿಗಾದರೂ ತಲುಪಿತೋ ಇಲ್ಲವೋ ತಿಳಿಯದೆ ಮಂಜಿನಲ್ಲಿ ಮಧ್ಯಾಹ್ನದವರೆಗೆ ಕೂತಿರುತ್ತಾನೆ. ಇಂಜಿನ್ನಿನ ಸದ್ದು ಬಾರದಿದ್ದರೆ ಅವನಿಗೆ ಗೊತ್ತಾಗುತ್ತದೆ, ಮಂಜಿಗೆ ಹೆದರಿದೆನೋ ಇನ್ನೇನೋ ಎಂದು. ಅವನು ಕಿವಿಯಿಂದ ನೋಡುವವನು.

ನಾವು ಹೋಗುತ್ತೇವೆ.

ಹೋಗಿ ಅಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ. ಅಪ್ಪನಿಗಾಗಿ ಗೋಲು ಕಾಯುತ್ತೇನೆ ಎಂದು ನಾನು ಹೇಳುತ್ತಿಲ್ಲ, ಅವನೂ ಕೇಳಿಲ್ಲ. ಚೆಂಡು ಕಾಲಿನಿಂದ ಬಿಡುವವರೆಗೆ ನಿಲ್ಲುತ್ತೇನೆ. ಆಮೇಲೆ ಅದು ಒದ್ದೆ ಚೆಂಡು. ಜಾರಿದರೂ ಜಾರದಿದ್ದರೂ ಬೇಕೆಂದೇ ಮಾಡಿದ ಎನ್ನುವವರು ಒಂದು ದಡದಲ್ಲಿ ಇದ್ದೇ ಇರುತ್ತಾರೆ. ಸೋಲದೆ ಬಂದರೆ ಸೋಮವಾರ ನಾನು ಬ್ರೆಡ್ ತರಲು ಹೋಗಬೇಕಾದ್ದು ಇದೇ ಊರಿನ ಅಂಗಡಿಗೆ. ಸೊಲ್ವಾ ಹುಟ್ಟಿದ್ದು ಈ ಊರಿನಲ್ಲಿ. ಅವಳಿಗೆ ಇನ್ನೂ ಏನೂ ಹೇಳಿಲ್ಲ, ಅವಳೂ ಏನೂ ಕೇಳಿಲ್ಲ. ಆದರೆ ಬೆಳಿಗ್ಗೆ ನಾನೇಳುವಷ್ಟರಲ್ಲಿ ನನ್ನ ಕೈಗವಸುಗಳು ಒಲೆಯ ಮೇಲಿನ ತಂತಿಯಲ್ಲಿದ್ದವು. ಈಗ ತಂದು ಮೇಜಿನ ಮೇಲಿಟ್ಟು, “ಒಣಗಿದಾವೆ” ಎಂದಳು.

ಕಿಟಕಿಯಿಂದ ಈಗ ಕಟ್ಟೆಯ ಈಚೆ ತುದಿ ಮಸುಕಾಗಿ ಕಾಣುತ್ತಿದೆ. ಎಲ್ಲರೂ ಬಂದು ನಿಂತಿದ್ದಾರೆ. ಯಾರ ಕೈಯಲ್ಲೂ ಚೀಲವಿಲ್ಲ, ಕೈಗಳೆಲ್ಲ ಜೇಬಿನಲ್ಲಿ. ಮನೆಗೆ ಹೋಗಿ ಮಲಗಲು ತಯಾರಾಗಿಯೇ ಬಂದವರು. ರೂನಿಯ ಹೆಗಲ ಮೇಲೆ ಮಾತ್ರ ಚೀಲವಿದೆ. ಅವನು ಯಾಕೆ ತಂದನೋ ಗೊತ್ತಿಲ್ಲ. ಹನ್ನೊಂದು ಜನ ಹತ್ತದಿದ್ದರೂ ನಡೆಯುತ್ತದೆ, ಏಳು ಜನರಿದ್ದರೆ ಪಂದ್ಯ ಆಡಿಸಲೇಬೇಕು, ನಿಯಮ ಹಾಗಿದೆ. ನಾನು, ರೂನಿ. ಇನ್ನು ಐವರನ್ನು ಕೇಳಬೇಕು. ಹಗ್ಗ ಬಿಚ್ಚಲೇ ಎಂದು ಟುಮ್ಮಸ್ ಕೇಳುವ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಕೇಳುತ್ತೇನೆ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಜೇಬಿನಲ್ಲಿಟ್ಟುಕೊಂಡು, ಕರಿಬಂಡೆಯ ಹತ್ತಿರ ಅಪ್ಪನ ಕೈಗೆ ಕೊಡುತ್ತೇನೆ. ಅವನು ಓದುವುದಿಲ್ಲ, ನಿನಗೆ ತಂದು ಕೊಡುತ್ತಾನೆ. ಓದಿದರೂ ಓದಲಿ.

ಬೂಟು ಹಾಕಿಕೊಳ್ಳಬೇಕು. ಅವರಿಗೆ ಇನ್ನೂ ಹೇಳಿಲ್ಲ.

ನಿನ್ನ
ಟ್ರಿಗ್ವಿ